ಫೋನಿನೊಳಗೆ ಸೇರಿಹೋದ ಸಾಮಾನುಗಳು

ಅಲಾರಾಂ ಗಡಿಯಾರ, ಟಾರ್ಚು, ಕ್ಯಾಮೆರಾ, ಟೇಪ್‌ರೆಕಾರ್ಡರ್, ಟ್ರಾನ್ಸಿಸ್ಟರ್ ರೇಡಿಯೊ, ಕ್ಯಾಲ್ಕುಲೇಟರ್, ಫೋನ್ ನಂಬರು ಬರೆದಿಟ್ಟ ಪುಟ್ಟ ಡೈರಿ, ನಿಘಂಟು, ನಕ್ಷೆ, ಚಿಲ್ಲರೆ ತುಂಬಿದ ಪರ್ಸು. 1990ರ ದಶಕದಲ್ಲಿ ಇವನ್ನೆಲ್ಲ ಬೇರೆ ಬೇರೆ ಅಂಗಡಿಗಳಲ್ಲಿ ಕೊಳ್ಳುತ್ತಿದ್ದೆವು, ಮನೆಯ ಬೇರೆ ಬೇರೆ ಮೂಲೆಗಳಲ್ಲಿ ಇಡುತ್ತಿದ್ದೆವು, ಕೆಟ್ಟರೆ ಬೇರೆ ಬೇರೆ ಕಸುಬುದಾರರ ಹತ್ತಿರ ಒಯ್ಯುತ್ತಿದ್ದೆವು. ಈಗ ಇವುಗಳ ಕೆಲಸವನ್ನು ಸುಮಾರು 200 ಗ್ರಾಂ ತೂಕದ ಒಂದೇ ವಸ್ತು ಮಾಡುತ್ತದೆ. ಆದರೆ ಎಲ್ಲವೂ ಒಂದೇ ರೀತಿಯಲ್ಲಿ ಮರೆಯಾಗಲಿಲ್ಲ. ಕೆಲವು ಪೂರ್ತಿ ಹೋದವು, ಕೆಲವು ಅರ್ಧ ಹೋದವು, ಇನ್ನು ಕೆಲವು ಹೋದವೆಂದು ನಾವು ಅಂದುಕೊಂಡರೂ ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿವೆ. ಯಾವುದು ಹೋಯಿತು, ಯಾವುದು ಉಳಿಯಿತು ಎನ್ನುವುದಕ್ಕೆ ಒಂದು ಕಾರಣವಿದೆ. ಮಾಹಿತಿಯನ್ನಷ್ಟೇ ಕೊಡುತ್ತಿದ್ದ ಸಾಮಾನುಗಳು ಫೋನಿಗೆ ಸುಲಭವಾಗಿ ಸೋತವು. ಉದ್ದ, ಭಾರ, ಗಟ್ಟಿತನ, ದೂರಕ್ಕೆ ಚಿಮ್ಮುವ ಬೆಳಕು ಇಂಥವನ್ನು ನಂಬಿದ್ದವು ಸೋಲಲಿಲ್ಲ.

ಎಲ್ಲವೂ ಅಂಕಿಯಾದ ಮೇಲೆ

ಹಳೆಯ ಸಲಕರಣೆಗಳು ಒಂದೊಂದೂ ಒಂದೊಂದು ಭೌತಿಕ ತಂತ್ರದ ಮೇಲೆ ನಿಂತಿದ್ದವು. ಕೀಲಿ ಕೊಡುವ ಗಡಿಯಾರಕ್ಕೆ ಸ್ಪ್ರಿಂಗಿನ ಬಿಗಿತ, ಫಿಲ್ಮಿಗೆ ಬೆಳಕು ತಾಗಿದರೆ ಬದಲಾಗುವ ಬೆಳ್ಳಿಯ ಲವಣ, ಕ್ಯಾಸೆಟ್ಟಿಗೆ ಟೇಪಿನ ಮೇಲಿನ ಕಾಂತೀಯ ಲೇಪ, ದಿಕ್ಸೂಚಿಗೆ ಭೂಮಿಯ ಕಾಂತಕ್ಷೇತ್ರದಲ್ಲಿ ತಿರುಗುವ ಸೂಜಿ. ಸ್ಪ್ರಿಂಗಿನಿಂದ ಫೋಟೋ ತೆಗೆಯಲಾಗದು, ದಿಕ್ಸೂಚಿಯ ಸೂಜಿಯಿಂದ ಹಾಡು ಹೊರಡದು. ಹಾಗಾಗಿ ಒಂದು ಕೆಲಸಕ್ಕೆ ಒಂದು ಸಾಮಾನು ಬೇಕೇ ಬೇಕಿತ್ತು.

1970ರ ಆಸುಪಾಸಿನಿಂದ 2000ದವರೆಗಿನ ಮೂರು ದಶಕಗಳಲ್ಲಿ ಈ ಭೌತಿಕ ಗುಣಗಳೆಲ್ಲ ಒಂದೊಂದಾಗಿ ಅಂಕಿಗಳಾದವು. ಬೆಳಕನ್ನು ವಿದ್ಯುತ್ತಾಗಿಸಿ ಎಣಿಸುವ ಸಿಸಿಡಿ ಚಿಪ್ಪನ್ನು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಧ್ವನಿಯನ್ನು ಚಿಕ್ಕ ಕಡತವಾಗಿಸುವ ಎಂಪಿ3 ವಿಧಾನ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಬೆಳೆಯಿತು. ವಾಲಾಟ, ಅಲುಗಾಟಗಳನ್ನು ಅಳೆಯುವ ಸಿಲಿಕಾನ್ ಸಂವೇದಕಗಳು ಕಾರಿನ ಏರ್‌ಬ್ಯಾಗ್ ಬಿಚ್ಚಿಸಲು ಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದವು. ಅವುಗಳೊಳಗೆ ಕೂದಲೆಳೆಗಿಂತ ತೆಳುವಾದ ಸ್ಪ್ರಿಂಗುಗಳಿಗೆ ತೂಗಿಬಿಟ್ಟ ಒಂದು ಪುಟ್ಟ ತುಣುಕು ಇರುತ್ತದೆ. ಅದು ಸರಿದಷ್ಟೂ ವಿದ್ಯುತ್ ಧಾರಣೆ ಬದಲಾಗುತ್ತದೆ, ಆ ಬದಲಾವಣೆಯೇ ಅಂಕಿಯಾಗುತ್ತದೆ. ಬೆಳಕು, ಸದ್ದು, ಕಾಲ, ದಿಕ್ಕು, ಸ್ಥಳ ಎಲ್ಲವೂ ಅಂಕಿಯಾದ ಮೇಲೆ ಅವನ್ನು ಸಂಭಾಳಿಸಲು ಒಂದೇ ಪ್ರೊಸೆಸರ್ ಸಾಕಾಯಿತು. ಜೊತೆಗೆ 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲೀಥಿಯಂ ಅಯಾನ್ ಬ್ಯಾಟರಿ ಇವೆಲ್ಲಕ್ಕೂ ಜೇಬಿನಲ್ಲೇ ಶಕ್ತಿ ಒದಗಿಸಿತು.

ಫೋನಿನೊಳಗೆ ಡೈರಿ, ಕ್ಯಾಲೆಂಡರು, ಕ್ಯಾಲ್ಕುಲೇಟರುಗಳನ್ನು ಸೇರಿಸುವ ಪ್ರಯತ್ನ 1994ರ ಐಬಿಎಂ ಸೈಮನ್‌ನಲ್ಲೇ ಆಗಿತ್ತು. ಅದು ಅರ್ಧ ಕಿಲೋ ತೂಗುತ್ತಿತ್ತು, ಮಾತನಾಡಿದರೆ ಬ್ಯಾಟರಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತಿತ್ತು. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಐಫೋನನ್ನು ಪರಿಚಯಿಸಿದಾಗ ಹಾಡು ಕೇಳುವ ಐಪಾಡ್, ಫೋನು, ಇಂಟರ್‌ನೆಟ್ ಸಾಧನ ಮೂರೂ ಒಂದೇ ಎಂದು ವಿವರಿಸಿದರು. ಮರುವರ್ಷ ಆಂಡ್ರಾಯ್ಡ್ ಫೋನು ಬಂತು. ಭಾರತದ ಬಹುಪಾಲು ಮನೆಗಳನ್ನು ತಲುಪಿದ್ದು ಆಂಡ್ರಾಯ್ಡೇ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಡೇಟಾ ಅಗ್ಗವಾದ ಮೇಲೆ ಈ ಬದಲಾವಣೆಗೆ ವೇಗ ಬಂತು.

ಕೈಗಡಿಯಾರ ಮತ್ತು ಅಲಾರಾಂ

ಕೈಗಡಿಯಾರ ಹೋದದ್ದು ಮೊಬೈಲಿನಿಂದ ಎನ್ನುವ ಮಾತು ಅರ್ಧ ಮಾತ್ರ ನಿಜ. ಕರ್ನಾಟಕದಲ್ಲಿ ಈ ಕತೆಯನ್ನು ಹತ್ತಿರದಿಂದ ನೋಡಬಹುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಜನತಾ, ಪೈಲಟ್, ಸೋನಾ, ಕೋಹಿನೂರ್ ಮಾದರಿಗಳು ದೇಶದ ತುಂಬ ಹೋದವು. ಮದುವೆಯಲ್ಲಿ ಅಳಿಯನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಕೆಲಸದಿಂದ ನಿವೃತ್ತರಾದವರಿಗೆ ಕೊಡುವ ಉಡುಗೊರೆಯೆಂದರೆ ಎಚ್‌ಎಂಟಿ ವಾಚು. ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಡಬೇಕಿತ್ತು, ಆಕಾಶವಾಣಿಯ ವಾರ್ತೆಗೆ ಮುಂಚಿನ ಬೀಪ್ ಸದ್ದಿಗೆ ಮುಳ್ಳು ಹೊಂದಿಸಿಕೊಳ್ಳಬೇಕಿತ್ತು.

ಅದಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಕ್ವಾರ್ಟ್ಜ್. ಕ್ವಾರ್ಟ್ಜ್ ಹರಳನ್ನು ಸರಿಯಾದ ಅಳತೆಗೆ ಕತ್ತರಿಸಿ ವಿದ್ಯುತ್ ಹಾಯಿಸಿದರೆ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದು ಎರಡನ್ನು ಹದಿನೈದು ಸಲ ಗುಣಿಸಿದಾಗ ಬರುವ ಸಂಖ್ಯೆ. ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಒಂದು ಸೆಕೆಂಡು ಸಿಗುತ್ತದೆ. ಕೀಲಿ ಗಡಿಯಾರ ದಿನಕ್ಕೆ ಹತ್ತಾರು ಸೆಕೆಂಡು ಹಿಂದೆ ಮುಂದೆ ಓಡಿದರೆ ಕ್ವಾರ್ಟ್ಜ್ ತಪ್ಪುವುದು ತಿಂಗಳಿಗೆ ಕೆಲವು ಸೆಕೆಂಡು. 1984ರಲ್ಲಿ ಹುಟ್ಟಿದ ಟೈಟನ್, ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಹೊಸೂರಿನಲ್ಲಿ ಕಾರ್ಖಾನೆ ಹಾಕಿ ಕ್ವಾರ್ಟ್ಜನ್ನೇ ನೆಚ್ಚಿಕೊಂಡಿತು. ಮೊಬೈಲು ಬರುವ ಹೊತ್ತಿಗೆ ಎಚ್‌ಎಂಟಿ ಆಗಲೇ ಬಳಲಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ತುಮಕೂರಿನ ಗಡಿಯಾರ ಕಾರ್ಖಾನೆಯ ಜಾಗ ಆಮೇಲೆ ಇಸ್ರೊ ಪಾಲಾಯಿತು.

ಫೋನಿನೊಳಗೂ ಕ್ವಾರ್ಟ್ಜ್ ಹರಳೇ ಇರುತ್ತದೆ. ಅದು ತಪ್ಪಿದರೆ ಮೊಬೈಲ್ ಜಾಲ ಮತ್ತು ಇಂಟರ್‌ನೆಟ್ ತಿದ್ದುತ್ತವೆ. ಆ ಜಾಲಗಳು ಅಣುಗಡಿಯಾರಗಳ ಸಮಯವನ್ನು ಅನುಸರಿಸುತ್ತವೆ. ಬೀಪ್ ಸದ್ದಿಗೆ ಕಾಯುವ ಕೆಲಸ ಹೀಗೆ ಮುಗಿಯಿತು. ಅಲಾರಾಂ ಗಡಿಯಾರವಂತೂ ಪೂರ್ತಿ ಮರೆಯಾಯಿತು. ಬೆನ್ನಿನಲ್ಲಿ ಎರಡು ಕೀಲಿ ಇರುತ್ತಿದ್ದ, ಒಂದು ನಡೆಯಲು ಇನ್ನೊಂದು ಬಡಿಯಲು ತಿರುಗಿಸಬೇಕಿದ್ದ ಆ ಗಡಿಯಾರ ಒಂದು ಒಳ್ಳೆಯ ಕೆಲಸ ಮಾಡುತ್ತಿತ್ತು: ಎಬ್ಬಿಸಿ ಸುಮ್ಮನಾಗುತ್ತಿತ್ತು. ಅಲಾರಾಂ ನಿಲ್ಲಿಸಲು ಫೋನು ಕೈಗೆತ್ತಿಕೊಂಡವರು ಹಾಸಿಗೆಯಲ್ಲೇ ರಾತ್ರಿಯ ಮೆಸೇಜುಗಳನ್ನೆಲ್ಲ ಓದುತ್ತಾರೆ. ಮಲಗುವ ಕೋಣೆಗೆ ಒಂದು ಸಾದಾ ಅಲಾರಾಂ ಗಡಿಯಾರ ಈಗಲೂ ಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ರೋಲು, ನೆಗೆಟಿವ್, ಸ್ಟುಡಿಯೊ

ಫೋನಿನಿಂದ ಅತಿ ಹೆಚ್ಚು ಹೊಡೆತ ತಿಂದ ಸಲಕರಣೆ ಕ್ಯಾಮೆರಾ. ಒಂದು ರೋಲಿಗೆ 36 ಚಿತ್ರ. ಪ್ರವಾಸಕ್ಕೆ ಹೋದರೆ ಒಂದೊಂದು ಚಿತ್ರವನ್ನೂ ಲೆಕ್ಕ ಹಾಕಿ ತೆಗೆಯಬೇಕು. ರೋಲು ಮುಗಿದ ಮೇಲೆ ಸ್ಟುಡಿಯೊಗೆ ಕೊಟ್ಟು ತೊಳೆಸಬೇಕು, ಪ್ರಿಂಟು ಕೈಗೆ ಬಂದಾಗಲೇ ಯಾರ ಕಣ್ಣು ಮುಚ್ಚಿತ್ತು ಎಂದು ಗೊತ್ತಾಗಬೇಕು. ಭಾರತದಲ್ಲಿ ಫಿಲ್ಮ್ ತಯಾರಿಸಲೆಂದೇ ಸರ್ಕಾರ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಸ್ಥಾಪಿಸಿತ್ತು. ತಂಪಾದ, ಧೂಳು ಕಡಿಮೆಯಿರುವ ಹವೆ ಫಿಲ್ಮ್ ತಯಾರಿಕೆಗೆ ಒಗ್ಗುತ್ತಿತ್ತು. ಅದರ ‘ಇಂದು’ ಹೆಸರಿನ ಫಿಲ್ಮು, ಫೋಟೋ ಕಾಗದಗಳು ನಮ್ಮ ಊರುಗಳ ಸ್ಟುಡಿಯೊಗಳಲ್ಲೂ ಬಳಕೆಯಲ್ಲಿದ್ದವು.

ಫಿಲ್ಮಿಗೆ ಎದುರಾಳಿಯನ್ನು ಹುಟ್ಟಿಸಿದ್ದು ಫಿಲ್ಮಿನ ಮನೆಯೇ. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದರು. ಸುಮಾರು ಮೂರೂವರೆ ಕಿಲೋ ತೂಕ, ಒಂದು ಚಿತ್ರದಲ್ಲಿ ಹತ್ತು ಸಾವಿರ ಬಿಂದು, ಅದನ್ನು ಕ್ಯಾಸೆಟ್ ಟೇಪಿನಲ್ಲಿ ದಾಖಲಿಸಲು 23 ಸೆಕೆಂಡು. 1997ರಲ್ಲಿ ಫಿಲಿಪ್ ಕಾನ್ ಎಂಬುವರು ಆಸ್ಪತ್ರೆಯಿಂದಲೇ ತಮ್ಮ ನವಜಾತ ಮಗಳ ಚಿತ್ರವನ್ನು ಮೊಬೈಲ್ ಮೂಲಕ ಬಂಧುಮಿತ್ರರಿಗೆ ಕಳಿಸಿದರು; ಅವರು ಕ್ಯಾಮೆರಾ, ಲ್ಯಾಪ್‌ಟಾಪ್, ಫೋನು ಮೂರನ್ನೂ ತಂತಿಯಿಂದ ಬೆಸೆದಿದ್ದರು. 2000ದಲ್ಲಿ ಜಪಾನಿನ ಶಾರ್ಪ್ ಕಂಪನಿ ಕ್ಯಾಮೆರಾ ಇರುವ, ತೆಗೆದ ಚಿತ್ರವನ್ನು ಅಲ್ಲಿಂದಲೇ ಕಳಿಸಬಲ್ಲ ಫೋನು ಮಾರಿತು. ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಫಿಲ್ಮನ್ನು ಸೋಲಿಸಿದ ಡಿಜಿಟಲ್ ಕ್ಯಾಮೆರಾಗಳಿಗೂ ಬಹಳ ಕಾಲ ಸುಖವಿರಲಿಲ್ಲ. 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಟಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ ಒಂದು ಕೋಟಿಗಿಂತ ಕೆಳಗಿಳಿಯಿತು.

ಫೋನಿನ ಲೆನ್ಸು, ಅದರ ಹಿಂದಿನ ಸಂವೇದಕ ಎರಡೂ ಪುಟ್ಟವು. ಅದರೊಳಗೆ ಬರುವ ಬೆಳಕೇ ಕಡಿಮೆ. ಈ ಕೊರತೆಯನ್ನು ಲೆಕ್ಕಾಚಾರ ತುಂಬುತ್ತದೆ: ಒಂದು ಸಲ ಬಟನ್ ಒತ್ತಿದರೆ ಫೋನು ಹಲವು ಚಿತ್ರಗಳನ್ನು ಬೆನ್ನುಬೆನ್ನಿಗೆ ತೆಗೆದು, ಕೈ ಅಲುಗಿದ್ದನ್ನು ಸರಿಹೊಂದಿಸಿ, ಕತ್ತಲಿನ ಭಾಗವನ್ನು ಒಂದರಿಂದ ಬೆಳಕಿನ ಭಾಗವನ್ನು ಇನ್ನೊಂದರಿಂದ ಆಯ್ದು ಹೊಲಿಯುತ್ತದೆ. ಮನೆಮಂದಿಯ ಚಿತ್ರಕ್ಕೆ ಇದು ಧಾರಾಳ ಸಾಕು. ರಂಗನತಿಟ್ಟಿನಲ್ಲಿ ನಡುಗಡ್ಡೆಯ ಮರದ ಮೇಲಿನ ಕೊಕ್ಕರೆಯ ಕಣ್ಣು ಬೇಕೆಂದರೆ ಸಾಲದು; ಅಲ್ಲಿಗೆ ಉದ್ದನೆಯ ಲೆನ್ಸೇ ಬೇಕು, ಅಷ್ಟು ಉದ್ದ ಜೇಬಿನ ಫೋನಿಗೆ ಹಿಡಿಸದು. ಹಾಗಾಗಿ ದೊಡ್ಡ ಕ್ಯಾಮೆರಾ ಕಾಡಿನಲ್ಲಿ, ಮದುವೆ ಮಂಟಪದಲ್ಲಿ, ಪತ್ರಿಕಾ ಕಚೇರಿಯಲ್ಲಿ ಉಳಿಯಿತು. ಮನೆಯ ಬೀರುವಿನಲ್ಲಿದ್ದ ಸಣ್ಣ ಕ್ಯಾಮೆರಾ ಹೋಯಿತು.

ಅದರೊಂದಿಗೆ ಒಂದು ಕುಶಲತೆಯೂ ಹೋಯಿತು. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಪ್ರಿಂಟು ಎಷ್ಟು ಹೊತ್ತು ಅದ್ದಬೇಕೆಂದು ಕಣ್ಣಳತೆಯಲ್ಲೇ ತಿಳಿಯುತ್ತಿದ್ದವರು, ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮುಖದ ಕಲೆ ತಿದ್ದುತ್ತಿದ್ದವರು, ಕಪ್ಪುಬಿಳುಪು ಚಿತ್ರಕ್ಕೆ ಕೈಯಿಂದ ಬಣ್ಣ ತುಂಬುತ್ತಿದ್ದವರು ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇದ್ದರು. ಇವರ ಕೆಲಸದ ದಾಖಲೆಯನ್ನು ಯಾರೂ ಗಂಭೀರವಾಗಿ ಮಾಡಿಲ್ಲ ಎಂಬ ಕೊರಗು ನನಗಿದೆ. ಹಳೆಯ ಸ್ಟುಡಿಯೊಗಳ ಡಬ್ಬಗಳಲ್ಲಿ ಇನ್ನೂ ನೆಗೆಟಿವ್‌ಗಳಿವೆ. ಅವು ಫಂಗಸ್ ಹಿಡಿಯುವ ಮುಂಚೆ ಸ್ಕ್ಯಾನ್ ಆದರೆ ಕರ್ನಾಟಕದ ಸಾಮಾಜಿಕ ಚರಿತ್ರೆಗೆ ದೊಡ್ಡ ಆಸ್ತಿ.

ಹಳದಿ ಬೋರ್ಡಿನ ಬೂತು

ಎಸ್‌ಟಿಡಿ ಬೂತಿನ ಕತೆ ಶುರುವಾಗುವುದು ಎಕ್ಸ್‌ಚೇಂಜಿನಿಂದ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ 1984ರಲ್ಲಿ ಹುಟ್ಟಿತು. ಧೂಳು, ಸೆಕೆ ತಡೆದುಕೊಳ್ಳುವ, ಎ.ಸಿ. ಬೇಡದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು ಅದು ರೂಪಿಸಿತು. ಅಂಥ 128 ಸಂಪರ್ಕಗಳ ಮೊದಲ ಎಕ್ಸ್‌ಚೇಂಜ್ ಕೆಲಸ ಆರಂಭಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಇದರ ಬೆನ್ನಿಗೇ ದೇಶದ ಬೀದಿಗಳಲ್ಲಿ ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂದು ಬರೆದ ಹಳದಿ ಬೋರ್ಡುಗಳು ಎದ್ದವು. ಗಾಜಿನ ಗೂಡು, ಕೆಂಪು ಅಂಕಿಗಳಲ್ಲಿ ಏರುವ ಮೀಟರು, ಕೊನೆಗೆ ಕಟಕಟನೆ ಬರುವ ಬಿಲ್ಲಿನ ಚೀಟಿ. ರಾತ್ರಿ ತಡವಾದ ಮೇಲೆ ದರ ಇಳಿಯುತ್ತಿದ್ದುದರಿಂದ ಆ ಹೊತ್ತಿಗೆ ಸಾಲು ನಿಲ್ಲುತ್ತಿತ್ತು. ಈ ಬೂತುಗಳ ಪರವಾನಗಿಯಲ್ಲಿ ಅಂಗವಿಕಲರಿಗೆ ಆದ್ಯತೆಯಿತ್ತು. ಎಷ್ಟೋ ಜನ ಅದೊಂದು ಗೂಡಿನ ಆದಾಯದಲ್ಲಿ ಸಂಸಾರ ನಡೆಸಿದರು, ಮಕ್ಕಳನ್ನು ಓದಿಸಿದರು. ಫೋನು ನುಂಗಿದ ಸಾಮಾನುಗಳ ಪಟ್ಟಿ ಮಾಡುವಾಗ ಬೂತನ್ನು ಮರೆಯುವವರೇ ಹೆಚ್ಚು, ಏಕೆಂದರೆ ಅದು ಮನೆಯ ವಸ್ತುವಲ್ಲ. ಆದರೆ ಜೀವನೋಪಾಯದ ಲೆಕ್ಕದಲ್ಲಿ ಕ್ಯಾಮೆರಾಕ್ಕಿಂತ ದೊಡ್ಡ ನಷ್ಟ ಇದೇ ಇರಬೇಕು.

ಬೂತನ್ನು ಮುಗಿಸಿದ್ದು ಸ್ಮಾರ್ಟ್‌ಫೋನಿಗಿಂತ ಮುಂಚಿನ ಸಾದಾ ಮೊಬೈಲು. 1995ರ ಜುಲೈ 31ರಂದು ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಂ ಅವರಿಗೆ ಮಾಡಿದ ಕರೆ ದೇಶದ ಮೊದಲ ಮೊಬೈಲ್ ಕರೆ. ಆರಂಭದ ವರ್ಷಗಳಲ್ಲಿ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಅದು ತಪ್ಪಿ, ಹೊರಹೋಗುವ ಕರೆಯೂ ಅಗ್ಗವಾದ ಮೇಲೆ ಬೂತಿಗೆ ಹೋಗುವ ಅಗತ್ಯವೇ ಉಳಿಯಲಿಲ್ಲ. ಎಸ್ಸೆಮ್ಮೆಸ್ಸು ತಂತಿಯನ್ನೂ ಮುಗಿಸಿತು. ಅಂಚೆಯವರು ತಂತಿ ತಂದರೆಂದರೆ ಮನೆಯವರ ಎದೆ ಧಸಕ್ಕೆನ್ನುತ್ತಿದ್ದ ಕಾಲ 2013ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಟೆಲಿಗ್ರಾಂ ಸೇವೆ ನಿಲ್ಲಿಸುವುದರೊಂದಿಗೆ ಅಧಿಕೃತವಾಗಿ ಮುಗಿಯಿತು. ದಪ್ಪನೆಯ ಟೆಲಿಫೋನ್ ಡೈರೆಕ್ಟರಿ, ಜೇಬಿನ ನಂಬರಿನ ಡೈರಿ ಅದೇ ದಾರಿ ಹಿಡಿದವು. ಒಂದು ಮಾತು ಇಲ್ಲಿ ಹೇಳಲೇಬೇಕು: ಮನೆಯವರ ಎರಡು ನಂಬರುಗಳನ್ನಾದರೂ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಜಾತ್ರೆಯಲ್ಲಿ, ರೈಲು ನಿಲ್ದಾಣದಲ್ಲಿ ಕೈತಪ್ಪಿದ ಮಗುವಿಗೆ ಕಾಂಟ್ಯಾಕ್ಟ್ ಪಟ್ಟಿ ಸಿಗುವುದಿಲ್ಲ.

ಕ್ಯಾಸೆಟ್ಟು, ಟ್ರಾನ್ಸಿಸ್ಟರು

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಿತು. ಸೋನಿಯ ವಾಕ್‌ಮನ್ 1979ರಲ್ಲಿ ಅದನ್ನು ಕಿವಿಗೆ ತಂದಿತು. ಕನ್ನಡದಲ್ಲಿ ಕ್ಯಾಸೆಟ್ ಮಾಡಿದ ಕೆಲಸ ದೊಡ್ಡದು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಧ್ವನಿಸುರುಳಿಯಾಗಿ ಬಂದ ಮೇಲೆ ಭಾವಗೀತೆ ಸಭಾಂಗಣದಿಂದ ಮನೆಯೊಳಗೆ ಬಂತು. ಕರಾವಳಿ ಮಲೆನಾಡುಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ತಾಳಮದ್ದಲೆಯನ್ನು ಅಡಿಕೆ ಸುಲಿಯುತ್ತ ಕೇಳುವ ರೂಢಿಗೆ ಕ್ಯಾಸೆಟ್ಟೇ ಕಾರಣ.

ಸಿ.ಡಿ.ಯ ಧ್ವನಿಗೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಬೇಕು. ದೊಡ್ಡ ಸದ್ದಿನ ಪಕ್ಕದಲ್ಲಿ ಕಿವಿಗೆ ಕೇಳಿಸದೆ ಮುಚ್ಚಿಹೋಗುವ ಸಣ್ಣ ಸದ್ದುಗಳನ್ನು ಎಂಪಿ3 ಬಿಟ್ಟುಬಿಡುತ್ತದೆ. 128 ಕಿಲೋಬಿಟ್‌ನಲ್ಲೇ ಕೇಳುವಂಥ ಹಾಡು ಕೊಡುತ್ತದೆ. ಫೋನಿನಲ್ಲಿ ಸಾವಿರಾರು ಹಾಡು ಹಿಡಿಸಿದ್ದು ಹೀಗೆ. ಹಾಡು ಕೇಳುವುದಕ್ಕಿಂತ ದಾಖಲಿಸುವುದರಲ್ಲಿ ಫೋನು ಮಾಡಿದ ಉಪಕಾರವನ್ನು ನಾನು ಹೆಚ್ಚೆಂದು ಭಾವಿಸುತ್ತೇನೆ. ಜಾನಪದ ಸಂಗ್ರಾಹಕರು ಹಿಂದೆ ಭಾರದ ಟೇಪ್‌ರೆಕಾರ್ಡರ್, ಸೆಲ್ಲುಗಳ ಚೀಲ, ಖಾಲಿ ಕ್ಯಾಸೆಟ್ ಹೊತ್ತು ಹಳ್ಳಿ ಸುತ್ತುತ್ತಿದ್ದರು. ಈಗ ಸೋಬಾನೆ ಪದ ಬಲ್ಲ ಅಜ್ಜಿಯ ಮೊಮ್ಮಗಳ ಕೈಯಲ್ಲೇ ಆ ಸಲಕರಣೆಯಿದೆ.

ರೇಡಿಯೊದ ಕತೆ ಬೇರೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ‘ಆಕಾಶವಾಣಿ’ ಪ್ರಸಾರ ಶುರು ಮಾಡಿದ ನಾಡು ಇದು. ಸಾದಾ ಮೊಬೈಲುಗಳಲ್ಲಿ ಎಫ್‌ಎಂ ರೇಡಿಯೊ ಇತ್ತು, ಇಯರ್‌ಫೋನಿನ ತಂತಿಯೇ ಅದಕ್ಕೆ ಏರಿಯಲ್. ಹೊಸ ಸ್ಮಾರ್ಟ್‌ಫೋನುಗಳಲ್ಲಿ ಆ ತಂತಿಯ ತೂತೂ ಹೋಯಿತು, ಹಲವದರಲ್ಲಿ ರೇಡಿಯೊವೂ ಹೋಯಿತು. 2023ರಲ್ಲಿ ಕೇಂದ್ರ ಸರ್ಕಾರ ಫೋನುಗಳಲ್ಲಿ ಎಫ್‌ಎಂ ಇರಲಿ ಎಂದು ತಯಾರಕರಿಗೆ ಸಲಹೆ ಕೊಟ್ಟಿತು. ಕಾರಣ ವಿಪತ್ತು. ನೆರೆ, ಚಂಡಮಾರುತಗಳಲ್ಲಿ ಟವರಿಗೆ ಕರೆಂಟು ಹೋದರೆ ಫೋನು ಮೂಕವಾಗುತ್ತದೆ, ನೂರಾರು ಕಿಲೋಮೀಟರ್ ಆಚೆಯ ಪ್ರಸಾರ ಕೇಂದ್ರದ ಮೀಡಿಯಂ ವೇವ್ ಮಾತು ಮಾತ್ರ ಎರಡು ಸೆಲ್ಲಿನ ಟ್ರಾನ್ಸಿಸ್ಟರಿನಲ್ಲಿ ಕೇಳುತ್ತದೆ. ನದಿ ದಂಡೆಯ ಊರುಗಳಲ್ಲಿ, ಕರಾವಳಿಯಲ್ಲಿ ಮನೆಗೊಂದು ಟ್ರಾನ್ಸಿಸ್ಟರ್ ಇರಬೇಕಾದದ್ದೇ.

ಸರಪಳಿ, ದಿಕ್ಸೂಚಿ, ರಸಮಟ್ಟ

ಅಳತೆಯ ಸಲಕರಣೆಗಳಲ್ಲಿ ಫೋನಿನ ಶಕ್ತಿ, ಮಿತಿ ಎರಡೂ ಸ್ಪಷ್ಟವಾಗಿ ಕಾಣುತ್ತವೆ.

ಸ್ಥಳ ತಿಳಿಯಲು ಫೋನು ಉಪಗ್ರಹಗಳನ್ನು ಕೇಳುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ತಾವು ಎಲ್ಲಿದ್ದೇವೆ, ಸಮಯವೆಷ್ಟು ಎಂದು ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಲು ಹಿಡಿದ ಸಮಯದಿಂದ ಫೋನು ತನ್ನ ಜಾಗ ಲೆಕ್ಕ ಹಾಕುತ್ತದೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಅಲ್ಲಿನ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಅದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿ.ಮೀ.ನಷ್ಟು ತಪ್ಪು ಸೇರಿಕೊಳ್ಳುತ್ತದೆ. ಜಿಪಿಎಸ್‌ನಂತೆಯೇ ಕೆಲಸ ಮಾಡುವ, ಇಸ್ರೊ ರೂಪಿಸಿದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ, ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿದೆ. ದಾರಿ ಕೇಳಿಕೊಂಡು ಹೋಗುವ ಪದ್ಧತಿ, ಬಸ್ ನಿಲ್ದಾಣದಲ್ಲಿ ಮಾರುತ್ತಿದ್ದ ಮಡಚುವ ನಕ್ಷೆ ಎರಡನ್ನೂ ಫೋನಿನ ನಕ್ಷೆ ಬದಿಗೆ ಸರಿಸಿತು.

ಆದರೆ ಹೊಲದ ಗಡಿಗೆ ಬಂದಾಗ ಮಾತು ಬೇರೆ. ಕರ್ನಾಟಕದ ಭೂಮಾಪನದಲ್ಲಿ ಬಳಸುತ್ತಿದ್ದ ಸರಪಳಿ 33 ಅಡಿ ಉದ್ದದ್ದು, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವೇ ಒಂದು ಗುಂಟೆ: 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಬಯಲಿನಲ್ಲಿ ನಿಂತರೂ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ಎಂದರೆ 16 ಅಡಿ, ಅರ್ಧ ಸರಪಳಿ. ಅಡಿಕೆ ತೋಟದ ನೆರಳಿನಲ್ಲಿ ತಪ್ಪು ಇನ್ನೂ ಹೆಚ್ಚು. ಉಳುಮೆಯ ಬಾಡಿಗೆ ಲೆಕ್ಕಕ್ಕೆ ಹೊಲದ ಸುತ್ತ ಫೋನು ಹಿಡಿದು ನಡೆದು ಎಕರೆ ಅಂದಾಜು ಮಾಡಬಹುದು. ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಯಾವುದೆಂದು ನೋಡಿಕೊಳ್ಳಬಹುದು, ಜಮೀನು ಕೊಳ್ಳುವವರಿಗೆ ಅದು ನಿಜವಾಗಿಯೂ ಉಪಯುಕ್ತ. ಅದನ್ನೇ ಹಿಡಿದುಕೊಂಡು ಪಕ್ಕದವರ ಬೇಲಿ ಕೀಳಲು ಹೊರಟರೆ ಮಾತ್ರ ಜಗಳ, ಕೋರ್ಟು. ಬಾಂದು ಕಲ್ಲು ಎಲ್ಲಿ ನಿಲ್ಲಬೇಕೆಂದು ಹೇಳಲು ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರನ್ನೇ ಕರೆಸಬೇಕು. ಅವರು ತರುವ ಉಪಕರಣ ಸೆಂಟಿಮೀಟರುಗಳ ಲೆಕ್ಕದಲ್ಲಿ ಮಾತಾಡುತ್ತದೆ.

ಫೋನಿನ ದಿಕ್ಸೂಚಿಯಲ್ಲಿ ಸೂಜಿಯಿಲ್ಲ, ಕಾಂತಕ್ಷೇತ್ರವನ್ನು ಅಳೆಯುವ ಚಿಪ್ಪು ಇದೆ. ಅದೇ ಫೋನಿನ ಸ್ಪೀಕರಿನಲ್ಲಿ ಅಯಸ್ಕಾಂತವಿದೆ, ಕೆಲವು ಕವರುಗಳ ಮುಚ್ಚಳದಲ್ಲೂ ಇರುತ್ತದೆ, ಸುತ್ತ ಕಬ್ಬಿಣವಿರಬಹುದು. ಗಾಳಿಯಲ್ಲಿ ಎಂಟರ ಆಕಾರದಲ್ಲಿ ಫೋನನ್ನು ಆಡಿಸಿ ಎಂದು ಅದು ಕೇಳುವುದು ಈ ಪ್ರಭಾವಗಳನ್ನು ಕಳೆದುಕೊಳ್ಳಲಿಕ್ಕೆ. ಮನೆ ಕಟ್ಟುವ ಜಾಗದಲ್ಲಿ ಕಬ್ಬಿಣದ ಸರಳುಗಳ ಪಕ್ಕ ನಿಂತು ಫೋನಿನಲ್ಲಿ ಈಶಾನ್ಯ ಹುಡುಕುವವರು ಇದನ್ನು ನೆನಪಿಡಬೇಕು.

ಮೇಸ್ತ್ರಿಯ ರಸಮಟ್ಟಕ್ಕೂ ಫೋನಿನಲ್ಲಿ ಒಂದು ಪರ್ಯಾಯವಿದೆ. ಗೋಡೆಗೆ ಫೋಟೋ ನೇತುಹಾಕಲು ಅದು ಸಾಕು. ಕೆಲಸದ ಜಾಗದಲ್ಲಿ ಮಾತ್ರ ಯಾವ ಮೇಸ್ತ್ರಿಯೂ ಅದನ್ನು ನಂಬುವುದಿಲ್ಲ, ನಂಬಬಾರದು. ಒಂದು ಗೇಣಿನ ಫೋನಿನಲ್ಲಿ ಗೊತ್ತಾಗದ ಓರೆ ಹತ್ತಡಿಯ ಗೋಡೆಯಲ್ಲಿ ಎದ್ದು ಕಾಣುತ್ತದೆ; ಮೇಲಾಗಿ ಕ್ಯಾಮೆರಾದ ಉಬ್ಬಿನಿಂದಾಗಿ ಈಗಿನ ಫೋನುಗಳ ಬೆನ್ನು ಸಮವಾಗಿಯೂ ಇಲ್ಲ. ರಸಮಟ್ಟ, ನೀರಿನ ಪೈಪಿನ ಲೆವೆಲ್, ತೂಗುಗುಂಡು ಮೂರೂ ಸಿಮೆಂಟು ನೀರಿನಲ್ಲಿ ಬಿದ್ದೆದ್ದು ಈಗಲೂ ದಿನಗೂಲಿಗೆ ಬರುತ್ತವೆ.

ಟಾರ್ಚು, ಅಂದರೆ ಬ್ಯಾಟರಿ

ಹಳ್ಳಿಗಳಲ್ಲಿ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು, ಅದರೊಳಗಿನದು ಸೆಲ್ಲು. 2003ರಲ್ಲಿ ಬಂದ ನೋಕಿಯಾ 1100 ತನ್ನ ನೆತ್ತಿಯಲ್ಲೇ ಒಂದು ದೀಪ ಇಟ್ಟುಕೊಂಡು ಬಂತು. ಕರೆಂಟು ಹೋಗುವ ದೇಶಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಈ ಫೋನು ಜಗತ್ತಿನಲ್ಲಿ 25 ಕೋಟಿ ಮಾರಾಟವಾಯಿತು. ಸ್ಮಾರ್ಟ್‌ಫೋನಿನ ಬೆಳಕು ಕ್ಯಾಮೆರಾದ ಫ್ಲ್ಯಾಶೇ. ಅದು ಬಿಳಿ ಎಲ್‌ಇಡಿ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ನೊಬೆಲ್ ಸಿಕ್ಕಿದ್ದು ಇಂಥ ಬೆಳಕನ್ನು ಸಾಧ್ಯ ಮಾಡಿದ್ದಕ್ಕೆ.

ಹಳೆಯ ಟಾರ್ಚಿನ ಮುಖ್ಯ ಭಾಗ ಬಲ್ಬಿನ ಹಿಂದಿನ ಹೊಳಪಿನ ಬೋಗುಣಿ. ಅದು ಬೆಳಕನ್ನು ಕೂಡಿಸಿ ಒಂದೇ ಕಡೆ ದೂರಕ್ಕೆ ಕಳಿಸುತ್ತದೆ. ಫೋನಿನಲ್ಲಿ ಅದಕ್ಕೆ ಜಾಗವಿಲ್ಲ. ಬೆಳಕು ಅಗಲವಾಗಿ ಚೆಲ್ಲಿ ನಾಲ್ಕು ಹೆಜ್ಜೆಯಾಚೆ ಸೋರಿಹೋಗುತ್ತದೆ. ಬಾಗಿಲಿನ ಬೀಗ ಹುಡುಕಲು ಸಾಕು. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಪಂಪು ಹಾಕಲು ಹೋಗುವ ರೈತರು, ಹಂದಿ ಆನೆಗಳ ಕಾಟವಿರುವ ಮಲೆನಾಡಿನವರು ಈಗಲೂ ಕೈಯಲ್ಲಿ ಉದ್ದ ಬೆಳಕಿನ ಟಾರ್ಚು ಅಥವಾ ತಲೆಗೆ ಕಟ್ಟುವ ದೀಪವನ್ನೇ ಒಯ್ಯುತ್ತಾರೆ. ಹಾವು ಮಲಗಿದ ದಾರಿಯಲ್ಲಿ ಹತ್ತು ಗಜ ಮುಂದೆ ಕಾಣಬೇಕು.

ಟಾರ್ಚಿನ ವಿಷಯದಲ್ಲಿ ಇನ್ನೊಂದು ಪ್ರಸಂಗ ತಿಳಿದಿರಬೇಕಾದದ್ದು. ಬೆಳಕು ಕೊಡುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲದ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಆ್ಯಪು ತನ್ನನ್ನು ಬಳಸುವವರು ಎಲ್ಲಿದ್ದಾರೆ ಎಂಬ ಮಾಹಿತಿಯನ್ನು ಜಾಹೀರಾತು ಜಾಲಗಳಿಗೆ ರವಾನಿಸುತ್ತಿದ್ದುದನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಹೊರಗೆಳೆಯಿತು. ಎರಡು ಸೆಲ್ಲಿನ ಟಾರ್ಚಿಗೆ ಅಂಥ ಸಾಮರ್ಥ್ಯ ಇರಲಿಲ್ಲ.

ನಿಘಂಟು, ಕ್ಯಾಲ್ಕುಲೇಟರು, ಜೆರಾಕ್ಸು

ನಿಘಂಟು ಫೋನಿಗೆ ಬಂದದ್ದು ಕನ್ನಡಕ್ಕೆ ಲಾಭವೇ. 1894ರ ಕಿಟ್ಟೆಲ್ ನಿಘಂಟನ್ನು ಜೇಬಿನಲ್ಲಿಟ್ಟು ತಿರುಗಲು ಸಾಧ್ಯವಿರಲಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನ ಒಂದೂವರೆ ಲಕ್ಷ ಪದಗಳು ಈಗ ಯಾರಿಗೂ ಉಚಿತವಾಗಿ ಸಿಗುತ್ತವೆ. 2017ರಿಂದ ಗೂಗಲ್ ಕೀಬೋರ್ಡಿನಲ್ಲಿ ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗುವ ಸೌಲಭ್ಯ ಬಂದು, ಟೈಪಿಂಗ್ ಕಲಿಯದವರಿಗೂ ಬರೆಯುವ ದಾರಿ ಸಿಕ್ಕಿತು.

ಕ್ಯಾಲ್ಕುಲೇಟರು ಮನೆಗಳಿಂದ ಹೋದರೂ ಅಂಗಡಿ ಗಲ್ಲಾಗಳಲ್ಲಿ ಇನ್ನೂ ಇದೆ. ಗುಂಡಿ ನೋಡದೆ ಓಡುವ ಬೆರಳಿಗೆ ನುಣುಪು ಗಾಜು ಒಗ್ಗುವುದಿಲ್ಲ. ಸ್ಕ್ಯಾನರ್ ಜೇಬಿಗೆ ಬಂತು, 2015ರಲ್ಲಿ ಡಿಜಿಲಾಕರ್ ಬಂತು, ಆದರೂ ಕಚೇರಿಗಳು ಆಧಾರ್ ಜೆರಾಕ್ಸ್ ಕೇಳುವುದನ್ನು ಬಿಟ್ಟಿಲ್ಲ. ಇಲ್ಲಿ ಸೋತದ್ದು ಯಂತ್ರವಲ್ಲ, ಪದ್ಧತಿ ಹಠ ಹಿಡಿದಿದೆ.

ಪರ್ಸು ಮತ್ತು ಚಿಲ್ಲರೆ

2016ರ ಏಪ್ರಿಲ್‌ನಲ್ಲಿ ಯುಪಿಐ ಪರಿಚಯವಾಯಿತು. ಅದೇ ವರ್ಷದ ನವೆಂಬರಿನ ನೋಟು ರದ್ದತಿ ಜನರನ್ನು ಅದರ ಕಡೆ ತಳ್ಳಿತು. ಚಿಲ್ಲರೆ ಇಲ್ಲವೆಂದು ಕೈಗಿಡುತ್ತಿದ್ದ ಚಾಕೊಲೇಟು ನಿಂತಿತು. ಈ ಬದಲಾವಣೆ ಒಂದು ಹೊಸ ಸಾಮಾನನ್ನೂ ಹುಟ್ಟಿಸಿತು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿರುವ ಬಜ್ಜಿ ಅಂಗಡಿಯವರು ಪ್ರತಿ ಸಲ ಫೋನು ನೋಡಲಾರರು. ಅವರಿಗಾಗಿ ಹಣ ಬಂದದ್ದನ್ನು ಕನ್ನಡದಲ್ಲೇ ಕೂಗಿ ಹೇಳುವ ಸೌಂಡ್ ಬಾಕ್ಸ್ ಬಂತು.

ನೋಟಿಗೂ ಯುಪಿಐಗೂ ಇರುವ ದೊಡ್ಡ ವ್ಯತ್ಯಾಸ, ಯುಪಿಐ ಪ್ರತಿ ಪಾವತಿಯ ಗುರುತು ಉಳಿಸುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ತರಕಾರಿ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು, ನಗದು ಮಾತ್ರ ಎಂಬ ಬೋರ್ಡು ಹಾಕಿದವು. ಹೋದೇಹೋಯಿತು ಎಂದುಕೊಂಡಿದ್ದ ಪರ್ಸು ಆ ವಾರಗಳಲ್ಲಿ ಮತ್ತೆ ಜೇಬಿಗೆ ಬಂತು.

ಒಂದೇ ಸೆಲ್ಲಿನ ಮೇಲೆ ಎಲ್ಲ ಭಾರ

ಹಿಂದೆ ಟಾರ್ಚು ಕೆಟ್ಟರೆ ಗಡಿಯಾರ ನಡೆಯುತ್ತಿತ್ತು, ಕ್ಯಾಮೆರಾ ಕಳೆದರೆ ಪರ್ಸಾದರೂ ಉಳಿಯುತ್ತಿತ್ತು. ಈಗ ಒಂದು ಬ್ಯಾಟರಿ ಮುಗಿದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಎರವಲು ಕೊಡುವ ರೂಢಿಯೂ ಕಷ್ಟವಾಯಿತು. ಪಕ್ಕದ ಮನೆಯವರು ಟಾರ್ಚು ಕೇಳಿದರೆ ಕೊಡುತ್ತಿದ್ದೆವು. ಬ್ಯಾಂಕು, ಫೋಟೋ, ಪತ್ರ ಎಲ್ಲ ತುಂಬಿದ ಫೋನನ್ನು ಯಾರೂ ಕೊಟ್ಟು ಕಳಿಸುವುದಿಲ್ಲ.

ರಿಪೇರಿಯ ಕಸುಬುಗಳೂ ಒಂದಾದವು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ ವಾಚ್ ರಿಪೇರಿಯವರು, ರೇಡಿಯೊ ಮೆಕ್ಯಾನಿಕ್, ಕ್ಯಾಮೆರಾ ರಿಪೇರಿಯವರು ಇದ್ದ ಕಡೆ ಈಗ ಮೊಬೈಲ್ ಸರ್ವೀಸ್ ಅಂಗಡಿಗಳಿವೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೋಬಳಿ ಕೇಂದ್ರದವರೆಗೆ ಇರುವ ಈ ತಂತ್ರಜ್ಞರ ಕೈಚಳಕ ಹಿಂದಿನವರಿಗೆ ಏನೂ ಕಡಿಮೆಯಿಲ್ಲ. ಆದರೆ ಅವರಿಗೆ ಅಸಲಿ ಬಿಡಿಭಾಗ ಸುಲಭವಾಗಿ ಸಿಗದು, ಅಂಟಿನಿಂದ ಮುಚ್ಚಿದ ಫೋನು ತೆರೆಯಲು ಬಿಸಿ ಮಾಡಬೇಕು, ತೆರೆಯುವಾಗ ಪರದೆ ಒಡೆಯುವ ಭಯ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಜಾಲತಾಣ ತೆರೆದಿದೆ, ಅದರಲ್ಲಿ ಕಂಪನಿಗಳು ದುರಸ್ತಿಯ ಮಾಹಿತಿ ಕೊಡಬೇಕೆಂಬ ಆಶಯವಿದೆ. ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿ, 2027ರ ಫೆಬ್ರುವರಿಯಿಂದ ಕೆಲವು ವಿನಾಯಿತಿಗಳನ್ನು ಬಿಟ್ಟು ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸಿಕೊಳ್ಳುವಂತೆ ಇರಬೇಕು ಎಂದು ಕಾನೂನು ಮಾಡಿದೆ. ಹತ್ತಾರು ಸಾಮಾನುಗಳ ಕೆಲಸ ಹೊತ್ತಿರುವ ಫೋನನ್ನು ಸೆಲ್ಲು ಸೊರಗಿತೆಂಬ ಒಂದೇ ಕಾರಣಕ್ಕೆ ಎಸೆಯಬೇಕಾದ ಸ್ಥಿತಿ ಭಾರತದ ಕೊಳ್ಳುಗರಿಗೆ ದುಬಾರಿ. ಯುರೋಪಿನಂಥದೇ ನಿಯಮವನ್ನು ಇಲ್ಲಿಯೂ ತರುವಂತೆ ಗ್ರಾಹಕ ಸಂಘಟನೆಗಳು ಈಗಲೇ ಒತ್ತಾಯಿಸಬೇಕು.